ಕೆಂಪು ಮೀನಿನಷ್ಟು ನಿಧಾನ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಆಮೇಲೆ ಒಳಗೆ ಕಾಲಿಡಬೇಕು. ಇದು ಮರ್ಯಾದೆಯ ಪ್ರಶ್ನೆಯಲ್ಲ, ಮಂಡಿಚಿಪ್ಪಿನ ಪ್ರಶ್ನೆ. ಓಡುವ ಬಸ್ಸಿನಿಂದ ಇಳಿಯುವವರಿಗೆ ಎಷ್ಟು ಎಚ್ಚರ ಬೇಕೋ ಇಲ್ಲಿಯೂ ಅಷ್ಟೇ ಬೇಕು. ಮನೆಯ ಕಂಪ್ಯೂಟರು ಎಷ್ಟು ಚುರುಕೋ ಮನೆಯೂ ಅಷ್ಟೇ ಚುರುಕು. ಒಳಗೆ ಹೋದವರ ಕೈಕಾಲು, ಒಲೆಯ ಮೇಲಿನ ಹಾಲು, ನಲ್ಲಿಯ ನೀರು, ಬಾಯಿಯ ಮಾತು ಎಲ್ಲವೂ ಅದರ ಗತಿಯಲ್ಲೇ ನಡೆಯಬೇಕು. ಮನಸ್ಸೊಂದು ಮಾತ್ರ ಅದರ ಮಾತು ಕೇಳುವುದಿಲ್ಲ. ಅದು ಬೀದಿಯಲ್ಲಿ ಹೇಗೋ ಮನೆಯೊಳಗೂ ಹಾಗೆಯೇ. ಹೊಸಬರು ಯಾರಾದರೂ ಚೌಕಟ್ಟು ಹಿಡಿಯದೆ ನುಗ್ಗಿ ಮುಗ್ಗರಿಸಿದರೆ ನಾವು ನಗುವುದಿಲ್ಲ, ಕೂರಿಸಿ ನೀರು ಕೊಡುತ್ತೇವೆ. ಆ ನೀರು ಅವರ ಕೈಗೆ ಯಾವಾಗ ಸಿಗುತ್ತದೆ ಎನ್ನುವುದು ಆಯಾ ಮನೆಯ ಹಣೆಬರಹ.

ಹೀಗಿರುವಾಗ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಕಂಪ್ಯೂಟರು ಕೇಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಧಾನದ ಮನೆಯ ಹುಡುಗಿ ಚುರುಕಿನ ಮನೆ ಸೇರಿದರೆ ಮೊದಮೊದಲು ಗೋಡೆಗೆ ಢಿಕ್ಕಿ ಹೊಡೆದುಕೊಂಡು ಓಡಾಡುತ್ತಾಳೆ; ಅವಳ ತವರಿನವರು ಹಣೆಗೆ ಹಚ್ಚಲು ಮುಲಾಮು ಕಳಿಸುತ್ತಾರೆ. ಕರೆಂಟು ಹೋದರೆ ಮನೆ ನಿಂತುಬಿಡುತ್ತದೆ. ಅದಕ್ಕೇ ದೀಪ ಮಿಣುಕಿದ ಕೂಡಲೇ ಊರಿಗೆ ಊರೇ ಬೀದಿಗೆ ಓಡಿಬಂದು ನಿಲ್ಲುತ್ತದೆ. ಒಳಗೆ ಸಿಕ್ಕಿಹಾಕಿಕೊಂಡವರು ಬಾಯಿಗೆ ಹೊರಟ ತುತ್ತನ್ನು ಅಲ್ಲಲ್ಲೇ ಹಿಡಿದುಕೊಂಡು ಕರೆಂಟು ಬರುವವರೆಗೆ ಯೋಚನೆ ಮಾಡುತ್ತಾ ಇರಬೇಕು. ನಮ್ಮೂರಿನ ಇಬ್ಬರು ವೇದಾಂತಿಗಳು ಹುಟ್ಟಿದ್ದೇ ಹಾಗೆ.

ಇಂಥ ಊರಿನಲ್ಲಿ ನನ್ನ ಗಂಡ ತ್ರಿಯಂಬಕ ದೇವಮಾನವ. ಹೊಟ್ಟೆಪಾಡಿಗೆ ನೀರು ಸರಬರಾಜು ಕಚೇರಿಯ ಕೆಲಸ, ಹೆಸರಿಗೆ ವಾರಪತ್ರಿಕೆಯ ಅಂಕಣ. ಅಂಕಣದ ಹೆಸರು ‘ಬೇಗ ಬೇಗ’. ಮನೆಯ ಕಂಪ್ಯೂಟರನ್ನು ಚುರುಕು ಮಾಡುವ ಸಲಹೆಗಳನ್ನು ಇವರು ಅದರಲ್ಲಿ ಬರೆಯುತ್ತಿದ್ದರು. ಪೆಟ್ಟಿಗೆ ಬಿಚ್ಚಿ ಬಣ್ಣದ ಬ್ರಷ್ಷಿನಿಂದ ಧೂಳು ಹೊಡೆಯಿರಿ, ಫ್ಯಾನಿಗೆ ಉಸಿರಾಡಲು ಜಾಗ ಕೊಡಿ. ಆನ್ ಮಾಡಿದ ಕೂಡಲೇ ಕರೆಯದೇ ಎದ್ದು ಕೂರುವ ಪ್ರೋಗ್ರಾಮುಗಳಿಗೆ ಬುದ್ಧಿ ಹೇಳಿ ಮಲಗಿಸಿ. ಕಸದ ಬುಟ್ಟಿಯನ್ನು ಪರದೆಯ ಮೂಲೆಯಲ್ಲಿ ಇಟ್ಟಿರುವುದು ಪೂಜೆಗಲ್ಲ, ಖಾಲಿ ಮಾಡಿ. ಒಂದು ಮನೆಗೆ ಒಂದೇ ಆಂಟಿವೈರಸ್ ಸಾಕು, ಎರಡಿಟ್ಟರೆ ಅವು ಕಳ್ಳನನ್ನು ಬಿಟ್ಟು ತಮ್ಮತಮ್ಮಲ್ಲೇ ಹೊಡೆದಾಡುತ್ತವೆ. ಜಲಪಾತದ ವಾಲ್‌ಪೇಪರು, ಮಿನುಗುವ ಬಾಣ, ಈಜುವ ಮೀನು ಇವೆಲ್ಲ ಶೋಕಿ, ತೆಗೆದುಹಾಕಿ. ಮತ್ತೆ ಪ್ರತಿ ವಾರವೂ ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ: ಒಂದೇ ಸಲ ಒತ್ತಿ, ಕಾಯಿರಿ, ಮತ್ತೆ ಮತ್ತೆ ಒತ್ತಬೇಡಿ.

ಜನ ಈ ಕೊನೆಯದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಪಾಲಿಸಿದರು. ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸಿದವರು ಎದುರುಮನೆಯ ಪುಟ್ಟಸ್ವಾಮಯ್ಯ. ಅವರು ವೇಗಾಭಿವೃದ್ಧಿ ಸಂಘದ ಅಧ್ಯಕ್ಷರು. ಅವರ ಮನೆಯಲ್ಲಿ ದೋಸೆಹಿಟ್ಟು ರುಬ್ಬಿ ಗ್ರೈಂಡರು ತೊಳೆಯುವುದರೊಳಗೆ ಹಿಟ್ಟು ಹುಳಿಬಂದು ಮುಚ್ಚಳ ಎತ್ತುತ್ತಿತ್ತು. ಹಸಿವಾಗುವ ಮೊದಲೇ ಊಟ ಮುಗಿದಿರುತ್ತಿತ್ತು. ಗಂಡ ಹೆಂಡಿರ ಜಗಳ ಶುರುವಾಗಿ, ಏರಿ, ರಾಜಿಯಾಗಿ, ಆಮೇಲೆ ನಿಧಾನವಾಗಿ ಇಬ್ಬರ ಮನಸ್ಸೂ ಅಲ್ಲಿಗೆ ಬಂದು ಜಗಳ ಯಾವುದರ ಬಗ್ಗೆ ಎಂದು ವಿಚಾರಿಸುತ್ತಿದ್ದವು. ಅವರ ಹೆಂಡತಿ ಕಾತ್ಯಾಯಿನಿ ಕೆಲಸವೆಲ್ಲ ಮುಗಿಸಿ ಬೆಳಗಿನ ಬಿಸಿಲಿಗೇ ಜಗಲಿಯಲ್ಲಿ ಕೂತಿರುತ್ತಿದ್ದಳು. “ಇವತ್ತು ಏನು ಸಾರು ಮಾಡಿದ್ರಿ?” ಎಂದು ನಾನು ಕೇಳಿದರೆ, “ಇರಿ ವಾರಿಜ, ಪಾತ್ರೆ ನೋಡ್ಕೊಂಡು ಬಂದು ಹೇಳ್ತೀನಿ” ಅನ್ನುತ್ತಿದ್ದಳು. ಹಬ್ಬಕ್ಕೆ ಕಪ್ಪಗಿದ್ದ ಅವಳ ಕೂದಲು ಮುಂದಿನ ಹಬ್ಬಕ್ಕೆ ಬೆಳ್ಳಗಾಗಿತ್ತು. ಅದನ್ನು ನಾವು ಅನುಭವ ಎಂದು ಕರೆದು ಗೌರವಿಸಿದೆವು.

ನಮ್ಮ ಮನೆಯ ಪಾಡೂ ಇಂಥದ್ದೇ. ಊರಿಗೆಲ್ಲ ಚುರುಕು ಹಂಚುವವರ ಸ್ವಂತ ಮನೆ ಹೇಗಿರಬೇಕು, ಹೇಳಿ? ಒಲೆ ಹಚ್ಚಿದೆ ಅನ್ನುವಷ್ಟರಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದೆ. ನನ್ನ ಅತ್ತೆ ಗೋದಾವರಮ್ಮನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. “ಕಾಫಿ ಕುಡಿದ್ನೇನೇ ನಾನು?” ಎಂದು ದಿನಾ ಕೇಳುತ್ತಿದ್ದರು. “ಕುಡಿದಿರಿ ಅತ್ತೆ, ಲೋಟ ಖಾಲಿಯಾಗಿದೆ ನೋಡಿ” ಎಂದರೆ, “ಲೋಟಕ್ಕೆ ಗೊತ್ತಾದ್ರೆ ಸಾಕಾ, ನನ್ನ ನಾಲಿಗೆಗೆ ಗೊತ್ತಾಗೋದು ಬೇಡ್ವಾ?” ಅನ್ನುತ್ತಿದ್ದರು.

ಆ ವರ್ಷ ಮಾವಿನ ಮಿಡಿ ಬಂದ ಹೊಸದರಲ್ಲಿ ಅತ್ತೆ ಮಂಚದ ಮೇಲೆ ಕೂತೇ ನನ್ನಿಂದ ಉಪ್ಪಿನಕಾಯಿ ಹಾಕಿಸಿದರು. ತೊಟ್ಟು ಎಷ್ಟು ಬಿಡಬೇಕು, ಉಪ್ಪು ಹೇಗೆ ಹಾಸಬೇಕು, ಯಾವ ಕೈಯಿಂದ ಜಾಡಿ ಮುಟ್ಟಬೇಕು, ಎಲ್ಲದಕ್ಕೂ ಅವರದೇ ಕಾನೂನು. ಉಪ್ಪು ಹಾಸಿ ಬಟ್ಟೆ ಕಟ್ಟಿದ್ದಾಯಿತು. ಇನ್ನು ಮಿಡಿ ನೀರು ಬಿಟ್ಟು ಸುಕ್ಕಾಗಬೇಕು, ಆಮೇಲೆ ಸಾಸಿವೆ ಖಾರ ಅರೆದು ಹಾಕಬೇಕು. ಅಷ್ಟರಲ್ಲೇ ಅವರಿಗೆ ಕೆಮ್ಮು ಹತ್ತಿತು. ಎದೆ ಹಿಡಿದುಕೊಂಡು ಒರಗಿದವರು ಮತ್ತೆ ಎದ್ದು ಓಡಾಡಲಿಲ್ಲ.

ಡಾಕ್ಟರು ರುದ್ರಮುನಿ ನೋಡಿಕೊಂಡು ಹೋಗಿ, ಆಗಲೇ ನನ್ನನ್ನೂ ಇವರನ್ನೂ ತಮ್ಮ ಆಸ್ಪತ್ರೆಯ ಅಂಗಳಕ್ಕೆ ಕರೆಸಿದರು. ಕೆಟ್ಟ ಸುದ್ದಿಯನ್ನು ನಮ್ಮೂರಲ್ಲಿ ಹೊರಗೆ ನಿಂತೇ ಹೇಳುತ್ತಾರೆ, ಅಂಗಳದಲ್ಲಾದರೆ ಎಲ್ಲರಿಗೂ ಒಂದೇ ವೇಗದಲ್ಲಿ ತಿಳಿಯುತ್ತದೆ. “ಎದೇಲಿ ಶಕ್ತಿ ಉಳಿದಿಲ್ಲ ತ್ರಿಯಂಬಕಯ್ಯನವರೇ. ಔಷಧಿ ಕೊಡ್ತೀನಿ, ಆದ್ರೆ ವಾಸಿ ಆಗುತ್ತೆ ಅಂತ ಹೇಳಲ್ಲ. ಈ ಮಾವಿನ ಕಾಲ ಒಂದು ಕಳೀತಾರೆ ಅಂದ್ಕೊಳ್ಳಿ. ಅದೂ ಬೀದಿ ಲೆಕ್ಕದಲ್ಲಿ. ನಿಮ್ಮನೆ ಲೆಕ್ಕದಲ್ಲಿ ಅಂದ್ರೆ...” ಎಂದು ಇವರ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, “ನಿಮ್ಮ ಅಂಕಣ ನಾನೂ ತಪ್ಪದೇ ಓದ್ತೀನಿ” ಅಂದರು.

ಇವರು ನೇರ ಮನೆಗೆ ಬಂದರು. ಹೊಸ್ತಿಲಲ್ಲಿ ಚೌಕಟ್ಟು ಹಿಡಿಯುವುದನ್ನು ಮರೆತು, ಊರಿಗೆಲ್ಲ ಎಚ್ಚರ ಹೇಳುವ ಮನುಷ್ಯ, ಪಡಸಾಲೆಯಲ್ಲಿ ಅಂಗಾತ ಬಿದ್ದರು. ಎದ್ದವರು ಬಟ್ಟೆಯನ್ನೂ ಬದಲಾಯಿಸದೆ ಅತ್ತೆಯ ಮಂಚದ ಎದುರಿಗಿದ್ದ ಕಂಪ್ಯೂಟರಿನ ಮುಂದೆ ಕೂತರು. ನಾನು ನೋಡುತ್ತಿದ್ದ ಹಾಗೆ, ಇಷ್ಟು ವರ್ಷ ಬರೆದ ಸಲಹೆಗಳನ್ನೆಲ್ಲ ಹಿಂದುಮುಂದು ಮಾಡಲು ಶುರುಮಾಡಿದರು.

ಮೊದಲು ಪೆಟ್ಟಿಗೆ ಬಿಚ್ಚಿ ಹಿತ್ತಲಿನಿಂದ ಎರಡು ಹಿಡಿ ಧೂಳು ತಂದು ಫ್ಯಾನಿನ ಮೇಲೆ ಉದುರಿಸಿದರು, ದೇವರಿಗೆ ಅರಿಸಿನ ಹಾಕುವಷ್ಟು ಭಕ್ತಿಯಿಂದ. ಸಿಕ್ಕಿದ ಆಂಟಿವೈರಸ್ಸುಗಳನ್ನೆಲ್ಲ ತಂದು ಒಂದರ ಮೇಲೊಂದು ಹಾಕಿದರು. ಅವು ಒಳಗೇ ಕಚ್ಚಾಡುವ ಸದ್ದು ನಮಗೆ ಕೇಳುತ್ತಿತ್ತು. ಮಲಗಿದ್ದ ಪ್ರೋಗ್ರಾಮುಗಳನ್ನೆಲ್ಲ ಎಬ್ಬಿಸಿ ಕೂರಿಸಿದರು. ಯಾರೂ ಓದದ ಭಾಷೆಗಳ ಅಕ್ಷರಗಳು, ಲೋಕದ ಎಲ್ಲ ಊರುಗಳ ಗಡಿಯಾರಗಳು, ಹವಾಮಾನ ಹೇಳುವ ಗಿಣಿ, ಜಲಪಾತ. ಕೊನೆಗೆ ಪರದೆಯ ಮೇಲೆ ಸದಾ ಈಜುತ್ತಿರುವ ಒಂದು ಕೆಂಪು ಮೀನು ಬಿಟ್ಟರು. ಒಂದೊಂದು ಹಾಕಿದ ಹಾಗೂ ನನ್ನ ಕೈಯಲ್ಲಿದ್ದ ಪೊರಕೆ ಭಾರವಾಗುತ್ತಾ ಹೋಯಿತು. ಮೀನು ಬಂದಮೇಲೆ ಒಂದು ಸಲ ಗುಡಿಸುವುದು ಅಂದರೆ ಒಂದು ಪ್ರಯಾಣ.

“ಏನ್ರೀ ಇದು?” ಎಂದೆ. ಆ ಮಾತು ಬಾಯಿಂದ ಪೂರ್ತಿ ಹೊರಬರುವ ಹೊತ್ತಿಗೆ ನನಗೇ ಉತ್ತರ ಹೊಳೆದಿತ್ತು. ಇವರು ಕಣ್ಣೊರೆಸಿಕೊಂಡು, “ಅಮ್ಮ ಇರ್ಲಿ ವಾರಿಜ” ಎಂದರು. ಆ ಮೂರು ಪದಗಳಿಗೆ ಬಹಳ ಹೊತ್ತು ಹಿಡಿಯಿತು. ನನಗೆ ಅಳು ಬಂತು. ಆ ಅಳುವೂ ತಡವಾಗಿ, ಅಕ್ಕಿ ತೊಳೆಯುವಾಗ ಇಳಿಯಿತು.

ಅತ್ತೆ ಮಾತ್ರ ಮೊದಲು ಖುಷಿಪಟ್ಟರು. “ಇದೇನೋ ತ್ರಿಯಂಬಕ, ಮಡಿ ಮನೆಗೆ ಮೀನು ತಂದಿದೀಯಲ್ಲೋ!” ಎಂದು ನಕ್ಕರು. ಮೀನು ಪರದೆಯ ಆ ದಡದಿಂದ ಹೊರಟು ಈ ದಡಕ್ಕೆ ಬರುವುದನ್ನೇ ನೋಡುತ್ತಾ ಮಲಗುತ್ತಿದ್ದರು. ಊಟದ ಹೊತ್ತಿಗೆ ಅದು ಮಧ್ಯ ದಾಟುತ್ತದೆಯೋ ಇಲ್ಲವೋ ಎಂದು ನನ್ನ ಜೊತೆ ಪಂಥ ಕಟ್ಟುತ್ತಿದ್ದರು. ಕಾಫಿ ಕುಡಿದರೆ ಗುಟುಕು ಗುಟುಕೂ ತಿಳಿಯುತ್ತಿತ್ತು. ಇವರು ಕಚೇರಿಯಿಂದ ಬಂದು ಅವರ ಮಂಚದ ಅಂಚಿನಲ್ಲಿ ಕೂತರೆ, ಕೂತಿದ್ದು ತಿಳಿಯುತ್ತಿತ್ತು. ಮೊದಲು ಹಾಗಿರಲಿಲ್ಲ.

ಆದರೆ ಮನೆ ನಡೆಯಬೇಕಲ್ಲ. ಬೆಳಿಗ್ಗೆ ಇಟ್ಟ ಹಾಲು ಉಕ್ಕುವುದನ್ನು ಕಾಯುತ್ತಾ ನಾನು ಜಗಲಿಯಲ್ಲಿ ಕೂತು ಕೂದಲು ಬಾಚಿ, ಬಿಚ್ಚಿ, ಮತ್ತೆ ಬಾಚಿದರೂ ಅದರ ಮೇಲೆ ಕೆನೆಯೂ ಕಟ್ಟುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬೀಳುವ ಮನಸ್ಸು ಮಾಡುವುದಕ್ಕೇ ಹೊತ್ತು ಬೇಕು. ಕೊನೆಗೆ ಸಾಕಾಗಿ ಒಂದು ಒಲೆಯನ್ನು ಹೊಸ್ತಿಲಾಚೆ ಜಗಲಿಗೆ ಸಾಗಿಸಿ, ಬೀದಿಯ ವೇಗದಲ್ಲಿ ಅಡಿಗೆ ಶುರುಮಾಡಿದೆ. ‘ಬೇಗ ಬೇಗ’ದವರ ಹೆಂಡತಿ ಬೀದಿಯಲ್ಲಿ ಬೇಯಿಸಿಕೊಳ್ಳುತ್ತಾಳೆ ಎಂದರೆ ಊರು ಸುಮ್ಮನಿರುತ್ತದೆಯೇ? ಹೋಗಿಬರುವವರೆಲ್ಲ ನಿಂತು ನೋಡಿದರು. ನಾನು “ಗಾಳಿ ಚೆನ್ನಾಗಿದೆ” ಎಂದೆ.

ಅತ್ತೆ ದಿನಾ ಒಂದೇ ಪ್ರಶ್ನೆ: “ಮಿಡಿ ಸುಕ್ಕಾಯ್ತೇನೇ?” ನಾನು ಜಾಡಿಯ ಬಟ್ಟೆ ಬಿಚ್ಚಿ ಇಣುಕುತ್ತಿದ್ದೆ. ಮಿಡಿಗಳು ಗುಂಡಗೆ ಗಟ್ಟಿಯಾಗಿ, ಈಗ ತಾನೇ ಮರದಿಂದ ಇಳಿದಂತೆ ಕೂತಿರುತ್ತಿದ್ದವು. ಉಪ್ಪು ಒಣಗಿದ ಹಾಗೇ ಇತ್ತು. “ಜಾಡೀನ ಜಗಲೀಲಿ ಇಡ್ಲಾ ಅತ್ತೆ? ಅಲ್ಲಿ ಬೇಗ ಆಗುತ್ತೆ” ಎಂದೆ. ಅವರು ಹಾವು ತುಳಿದವರ ಹಾಗೆ ನೋಡಿದರು. “ಉಪ್ಪಿನಕಾಯಿ ಜಾಡಿ ಹೊಸ್ತಿಲು ದಾಟೋದುಂಟಾ? ಬೀದಿ ಗಾಳಿ ತಗುಲಿದ್ರೆ ಬೂಷ್ಟು ಹಿಡಿಯುತ್ತೆ. ಆಗೋವಾಗ ಆಗ್ಲಿ. ಒಂದು ಮಿಡಿ ಮೊಸರನ್ನಕ್ಕೆ ನಂಚಿಕೊಂಡು ಹೋಗ್ತೀನಿ ಅಂತಿದೀನಿ, ಅಷ್ಟೇ.” ಹೋಗುವುದು ಎಲ್ಲಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಿಗೆ ಡಾಕ್ಟರು ಏನೂ ಹೇಳಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು.

ಇತ್ತ ಬೀದಿಯಲ್ಲಿ ಗುಸುಗುಸು ಜೋರಾಯಿತು. ತ್ರಿಯಂಬಕನ ಮನೆಯ ಕಂಪ್ಯೂಟರಿಗೆ ಏನೋ ಬಡಿದಿದೆ, ಪಾಪ ಹೇಳಿಕೊಳ್ಳಲು ನಾಚಿಕೆ, ಎಂದು ಕೆಲವರು. ಊರಿನ ಚುರುಕನ್ನೆಲ್ಲ ಹಂಚಿ ತಾನು ಬರಿದಾದ ತ್ಯಾಗಿ, ಎಂದು ಕೆಲವರು. ಎರಡನೆಯ ಮಾತೇ ಹೆಚ್ಚು ಚೆನ್ನಾಗಿದ್ದುದರಿಂದ ವೇಗಾಭಿವೃದ್ಧಿ ಸಂಘ ಅದನ್ನೇ ಒಪ್ಪಿಕೊಂಡು ಸಭೆ ಸೇರಿತು. ಪುಟ್ಟಸ್ವಾಮಯ್ಯನವರ ಮನೆಯಲ್ಲಿ ನಡೆದ ಆ ಸಭೆ ಕುರ್ಚಿ ಹಾಕುವುದರೊಳಗೆ ಮುಗಿಯಿತಂತೆ. ಏನು ತೀರ್ಮಾನವಾಯಿತೆಂದು ಅವರೆಲ್ಲ ಆಮೇಲೆ ಬೀದಿಗೆ ಬಂದು ನೆನಪಿಸಿಕೊಂಡರು: ತ್ರಿಯಂಬಕನಿಗೆ ‘ವೇಗರತ್ನ’ ಬಿರುದು ಕೊಡುವುದು, ಮತ್ತು ಕೃತಜ್ಞತೆಯಾಗಿ ಅವನದೇ ಸಲಹೆಗಳ ಪ್ರಕಾರ ಅವನ ಕಂಪ್ಯೂಟರನ್ನು ಸಂಘದವರೇ ಚುರುಕು ಮಾಡಿಕೊಡುವುದು.

ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಹುಳಿ ಕುದಿಸುತ್ತಿದ್ದೆ. ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ, ಬಣ್ಣದ ಬ್ರಷ್ಷು ಹಿಡಿದುಕೊಂಡು ಸಂಘ ಬಂದೇಬಿಟ್ಟಿತು. “ಬೇಡಿ, ಅತ್ತೆಗೆ ಹುಷಾರಿಲ್ಲ” ಎಂದೆ. “ಅದಕ್ಕೇ ತಾಯಿ, ಬೇಗ ಹುಷಾರಾಗ್ಲಿ ಅಂತಾನೇ ಬಂದಿದ್ದು” ಎಂದು ಪುಟ್ಟಸ್ವಾಮಯ್ಯ ಚೌಕಟ್ಟು ಹಿಡಿದು ಒಳಗೆ ಕಾಲಿಟ್ಟರು. ಇಟ್ಟ ಕಾಲು ನೆಲ ಮುಟ್ಟುವಷ್ಟರಲ್ಲಿ ನನ್ನ ಹುಳಿ ತಳ ಹಿಡಿಯಿತು. ಒಲೆ ಆರಿಸಿ ನಾನೂ ಹಿಂದೆಯೇ ನುಗ್ಗಿದೆ.

ಒಳಗೆ ಇವರು ಅಮ್ಮನ ಪಕ್ಕ ಕೂತಿದ್ದವರು ಗಾಬರಿಯಿಂದ ಏಳಲು ಹೊರಟರು. ಕೈ ಅಡ್ಡ ಮಾಡಿ “ಬೇಡ” ಎನ್ನಲು ಬಾಯಿ ತೆರೆದರು. ಸಂಘದವರು ಅದನ್ನು ವಿನಯ ಎಂದುಕೊಂಡು ಹಾರ ಎತ್ತಿದರು. ಹಾರ ಗಾಳಿಯಲ್ಲಿ ತೇಲುತ್ತಾ ಇವರ ಕೊರಳಿನ ಕಡೆ ಹೊರಟಿತು. ಇತ್ತ ಕಾರ್ಯದರ್ಶಿ ಭಾಷಣ ಆರಂಭಿಸಿ “ಮಾ” ಎಂದು, ಅದಕ್ಕೆ “ನ್ಯ” ಸೇರಿಸುವ ದಾರಿಯಲ್ಲಿದ್ದರು. ಎಲ್ಲರಿಗಿಂತ ಮೊದಲು ಒಳಹೊಕ್ಕಿದ್ದ ಪುಟ್ಟಸ್ವಾಮಯ್ಯ ಆಗಲೇ ಕಂಪ್ಯೂಟರಿನ ಮುಂದೆ ಕೂತು ಜೇಬಿನಿಂದ ಅಂಕಣದ ಕತ್ತರಿಸಿದ ಚೂರು ತೆಗೆದು ತೊಡೆಯ ಮೇಲೆ ಹರಡಿಕೊಂಡಿದ್ದರು. ಮೊದಲ ಸಲಹೆ ಓದಿ, ಒಂದು ಸಲ ಒತ್ತಿದರು. ಏನೂ ಆಗಲಿಲ್ಲ.

ಚುರುಕಿನ ಮನೆಯವರ ಮನಸ್ಸಿಗೆ ಕಾಯುವ ಅಭ್ಯಾಸ ತಪ್ಪಿಹೋಗಿರುತ್ತದೆ. ಅವರು ಮತ್ತೆ ಒತ್ತಿದರು. ಮತ್ತೆ. ಮತ್ತೆ. ದಪ್ಪ ಅಕ್ಷರದ ಸಾಲು ಅವರ ತೊಡೆಯ ಮೇಲೇ ಇತ್ತು. ಒತ್ತಿದ್ದೆಲ್ಲ ಒಂದರ ಹಿಂದೊಂದು ಸಾಲುಗಟ್ಟಿ ನಿಂತು, ಗಿಣಿ ಮರಗಟ್ಟಿ, ಜಲಪಾತ ಬೆಳ್ಳಗಾಗಿ, ಮೀನು ಬಾಲ ಎತ್ತಿದಲ್ಲೇ ನಿಂತಿತು. ಮನೆಯೂ ಪೂರ್ತಿ ನಿಂತಿತು.

ಹಾರ ಗಾಳಿಯಲ್ಲಿ. ಕಾರ್ಯದರ್ಶಿಯ ಬಾಯಿ ಅರ್ಧ ತೆರೆದು. ನನ್ನ ಒಂದು ಕಾಲು ಮೇಲೆ. ನಮ್ಮೆಲ್ಲರ ಕಣ್ಣೂ, ಆ ಗಳಿಗೆಯಲ್ಲಿ ಎಲ್ಲಿ ನೆಟ್ಟಿದ್ದವೋ ಅಲ್ಲೇ ಉಳಿದವು. ನೆಟ್ಟಿದ್ದದ್ದು ಮಂಚದ ಮೇಲೆ. ಯಾಕೆಂದರೆ ಅದೇ ಆಗ ಅತ್ತೆಗೆ ಕೆಮ್ಮು ಬಂದಿತ್ತು, ಸದ್ದಿಗೆ ಎಲ್ಲರೂ ತಿರುಗಿದ್ದೆವು.

ಕೆಮ್ಮು ಅರ್ಧಕ್ಕೆ ನಿಂತಿತ್ತು. ಬಾಯಿ ತೆರೆದಿದೆ, ಕತ್ತಿನ ನರ ಉಬ್ಬಿದೆ, ಮುಖ ನೀಲಿಗೆ ತಿರುಗಿದೆ, ಒಂದು ಕೈ ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿದಿದೆ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಕಣ್ಣು ಮಗನ ಮೇಲೆ. ಆ ಕಣ್ಣಿನ ಹಿಂದೆ ಅವರ ಮನಸ್ಸು ಬೀದಿಯ ವೇಗದಲ್ಲೇ ಓಡುತ್ತಿದೆ ಎಂದು ನಮಗೆಲ್ಲ ಗೊತ್ತು, ನಮ್ಮ ಮನಸ್ಸೂ ಓಡುತ್ತಿತ್ತಲ್ಲ. ಮುಖ ತಿರುಗಿಸುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ನನಗೆ ತಿಳಿಯದು. ನಾನು ಅವರನ್ನು ದಿನಾ ನೋಡಿಕೊಳ್ಳುತ್ತಿದ್ದವಳು, ಅವರ ಕೆಮ್ಮನ್ನು ಕೇಳಿದ್ದೆ, ನೋಡಿರಲಿಲ್ಲ ಎಂದು ಆಗ ತಿಳಿಯಿತು. ಇವರ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

ಕಂಪ್ಯೂಟರು ತಾನಾಗಿಯೇ ಸುಧಾರಿಸಿಕೊಂಡು ಮೀನು ಬಾಲ ಆಡಿಸಿತು. ಕೆಮ್ಮು ಉಳಿದರ್ಧ ನಿಧಾನವಾಗಿ ಹೊರಬಂತು. ಹಾರ ನೆಲಕ್ಕೆ ಬಿತ್ತು. ಪುಟ್ಟಸ್ವಾಮಯ್ಯ ಮೌಸಿನಿಂದ ಕೈ ತೆಗೆದು, ಬಿಸಿ ತಗುಲಿದವರ ಹಾಗೆ ಅದನ್ನು ಎದೆಗೆ ಒತ್ತಿಕೊಂಡರು. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಸಂಘ ಬೆಕ್ಕಿನ ಹೆಜ್ಜೆಯಲ್ಲಿ ಹೊರಟುಹೋಯಿತು, ನಮ್ಮ ಮನೆಯಲ್ಲಿ ಬೇರೆ ಹೆಜ್ಜೆ ಸಾಧ್ಯವೂ ಇರಲಿಲ್ಲ. ‘ವೇಗರತ್ನ’ ಎಂದು ಜರಿಯಲ್ಲಿ ನೇಯ್ದಿದ್ದ ಶಾಲನ್ನು ಹೋಗುವಾಗ ಚಪ್ಪಲಿ ಗೂಡಿನ ಮೇಲಿಟ್ಟರು.

ಇವರು ಅಮ್ಮನ ಬೆನ್ನು ನೀವುತ್ತಾ ಕೂತರು. ಅತ್ತೆ ನೀರು ಕುಡಿದು, ಸಾವರಿಸಿಕೊಂಡು, “ಇದು ನೀನೇ ಮಾಡಿದ್ದಾ ತ್ರಿಯಂಬಕ?” ಎಂದರು.

“ನೀನು ಇರ್ಬೇಕು ಅಂತ ಅಮ್ಮ.”

“ಇದೀನಲ್ಲೋ. ನನ್ನ ಜೊತೆ ಕೆಮ್ಮೂ ಇದೆ. ಬೆಳಿಗ್ಗೆ ಬಂದಿದ್ದು ಹೋಗೋಕೆ ಮಧ್ಯಾಹ್ನ ಆಗುತ್ತೆ ಕಣಪ್ಪ. ಉಸಿರು ತಗೊಂಡ್ರೆ ಅದು ದಾರೀಲೇ ಇರುತ್ತೆ. ಬರುತ್ತೋ ಇಲ್ವೋ ಅಂತ ಕಾಯ್ಕೊಂಡು ಮಲಗಿರ್ತೀನಿ.”

“ಮೊದಲೇ ಯಾಕೆ ಹೇಳ್ಲಿಲ್ಲ ನೀನು?”

“ನೀನು ಪಕ್ಕದಲ್ಲಿ ಕೂರ್ತಿದ್ದೆಯಲ್ಲೋ. ಅದು ಚೆನ್ನಾಗಿತ್ತು” ಎಂದರು ಅತ್ತೆ. ಮಾತು ಮುಗಿಯಲು ಹೊತ್ತು ಹಿಡಿಯಿತು. ಇವರು ತಾಯಿಯ ಕೈ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕಿದರು. ಆ ಬಿಕ್ಕಳಿಕೆ ಮುಗಿಯುವವರೆಗೂ ಅತ್ತೆ ಕಾದರು, ತಲೆ ಸವರಿದರು. ಆಮೇಲೆ ಹೇಳಿದರು: “ಬೀದಿ ಹೇಗಿದೆಯೋ ಹಾಗೆ ಮಾಡು ಸಾಕು. ಮುಂದೂ ಬೇಡ, ಹಿಂದೂ ಬೇಡ. ಕೆಮ್ಮು ಬಂದ್ರೆ ಬಂದು ಹೋಗ್ಲಿ. ಆ ಮಿಡಿ ಸುಕ್ಕಾಗ್ಲಿ.”

ಊರಿಗೆಲ್ಲ ಬುದ್ಧಿ ಹೇಳಿದ ಇವರಿಗೆ ಒಂದು ಮನೆಯನ್ನು ಬೀದಿಯ ವೇಗಕ್ಕೆ ತರುವುದು ಹೇಗೆಂದು ಗೊತ್ತಿರಲಿಲ್ಲ. ಯಾರೂ ಕೇಳಿರದ ಸಲಹೆ ಅದು. ಕೊನೆಗೆ ಉಪಾಯ ಹೊಳೆದದ್ದು ನನಗೆ. ಒಂದೇ ಅಳತೆಯ ಹಾಲು ಎರಡು ಪಾತ್ರೆಗೆ ಹಾಕಿ, ಒಂದನ್ನು ಒಳಗಿನ ಒಲೆಯ ಮೇಲೆ, ಒಂದನ್ನು ಜಗಲಿಯ ಒಲೆಯ ಮೇಲೆ ಒಟ್ಟಿಗೇ ಇಡುವುದು. ಎರಡೂ ಒಟ್ಟಿಗೇ ಉಕ್ಕಿದರೆ ಸರಿ. ನಾನು ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತೆ. ಎಡಗಾಲು ನಿದ್ದೆ ಹೋಗುತ್ತಿತ್ತು, ಬಲಗಾಲು ಎಚ್ಚರವಾಗಿತ್ತು. ಇವರು ಧೂಳು ಹೊಡೆದರು, ಗಿಣಿಯನ್ನು ಓಡಿಸಿದರು, ಜಲಪಾತ ಬತ್ತಿಸಿದರು. “ಈಗ?” ಎನ್ನುವರು. “ಹೊರಗಿನದು ಉಕ್ಕಿತು, ಒಳಗಿನದು ಬೆಚ್ಚಗಾಗಿದೆ” ಎನ್ನುವೆ. ಮತ್ತೆ ಹೊಸ ಹಾಲು. ಹೊಡೆದಾಡುತ್ತಿದ್ದ ಆಂಟಿವೈರಸ್ಸುಗಳಲ್ಲಿ ಗೆದ್ದದ್ದನ್ನು ಉಳಿಸಿ ಮಿಕ್ಕವನ್ನು ಕಳಿಸಿದರು. ಗಡಿಯಾರಗಳು ಹೋದವು. ಈಗ ಒಳಗಿನ ಹಾಲು ಹೊರಗಿನದರ ಬೆನ್ನಹಿಂದೆಯೇ ಬಂತು, ಚೂರೇ ಚೂರು ತಡ.

“ಮೀನೊಂದು ಉಳಿದಿದೆ. ಇದು ಹೋದ್ರೆ ಸರಿಹೋಯ್ತು” ಎಂದು ಇವರು ಮೌಸು ಹಿಡಿದರು.

“ಅದನ್ನ ಬಿಡೋ” ಎಂದರು ಅತ್ತೆ. “ಇನ್ನೂ ಆ ದಡ ಸೇರಿಲ್ಲ ಅದು.”

ಬಿಟ್ಟರು. ಆ ದಿನಗಳಲ್ಲಿ ಉಕ್ಕಿಸಿದ ಹಾಲೆಲ್ಲ ಕೋವ ಮಾಡಿ ಬೀದಿಗೆ ಹಂಚಿದೆ. ಕಾತ್ಯಾಯಿನಿ ತನ್ನ ಪಾಲನ್ನು ಮನೆಗೆ ಒಯ್ಯದೆ ನಮ್ಮ ಜಗಲಿಯಲ್ಲೇ ಕೂತು ತಿಂದಳು. ಬಹಳ ಹೊತ್ತು ತಿಂದಳು. “ಸಿಹಿ ಹೀಗಿರುತ್ತೆ ಅನ್ನೋದೇ ಮರೆತುಹೋಗಿತ್ತು ಕಣ್ರೀ” ಎಂದು ಕಣ್ಣು ತುಂಬಿಕೊಂಡಳು.

ಮಿಡಿ ನೀರು ಬಿಟ್ಟು ಸುಕ್ಕಾಯಿತು. ಅತ್ತೆ ಹೇಳಿದ ಅಳತೆಗೆ ಸಾಸಿವೆ, ಮೆಣಸಿನಕಾಯಿ, ಅರಿಸಿನ ಅರೆದು ಹಾಕಿದೆ. ಅದು ಒಗ್ಗಿಕೊಳ್ಳುವವರೆಗೆ ಅವರು ಕೆಮ್ಮಿದರು, ಎಲ್ಲರ ಹಾಗೆ, ಬಂದು ಹೋಗುವ ಕೆಮ್ಮು. ನಡುನಡುವೆ ನಿದ್ದೆ ಮಾಡಿದರು. ಒಂದು ಮಧ್ಯಾಹ್ನ ಮೊಸರನ್ನ ಕಲಸಿ, ಒಂದು ಮಿಡಿ ಇಟ್ಟು ಕೊಟ್ಟೆ. ಇವರು ಅಂದು ಕಚೇರಿಗೆ ರಜೆ ಹಾಕಿ ಮಂಚದ ಅಂಚಿನಲ್ಲಿ ಕೂತಿದ್ದರು. ಅತ್ತೆ ಮಿಡಿಯನ್ನು ಕಡಿದು, ಕಣ್ಣು ಮುಚ್ಚಿ ಚೀಪಿದರು. ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಬಾಯಿ ನೋಡುತ್ತಿದ್ದೆವು. “ಉಪ್ಪು ಮುಂದಾಯ್ತು” ಎಂದರು. ಆಮೇಲೆ ಇನ್ನೊಂದು ಕೇಳಿದರು.

ಮಾವಿನ ಕಾಲ ಮುಗಿಯುವ ಹೊತ್ತಿಗೆ, ಡಾಕ್ಟರು ಬೀದಿಯ ಲೆಕ್ಕದಲ್ಲಿ ಹೇಳಿದ ಹಾಗೆಯೇ, ಅತ್ತೆ ಹೋದರು. ಬೆಳಗಿನ ಕಾಫಿ ಕುಡಿದು, ಕುಡಿದದ್ದು ತಿಳಿದು, ಮಗನ ಕೈ ಹಿಡಿದುಕೊಂಡೇ ಹೋದರು. ಪುಟ್ಟಸ್ವಾಮಯ್ಯ ಬಂದು ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತು, ಹಿಡಿಯುವ ಅಗತ್ಯವೇ ಇಲ್ಲದ್ದು ಕಂಡು, ಅಲ್ಲೇ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾವು ಯಾರೂ ಮೊದಲು ನೋಡಿರಲಿಲ್ಲ. ಅವರ ಮನೆಯಲ್ಲಿ ಅತ್ತಿದ್ದರೆ ನಮಗೆ ಕಾಣುವಷ್ಟು ಹೊತ್ತು ಇರುತ್ತಿರಲೂ ಇಲ್ಲ.

ಇವರು ಮುಂದಿನ ವಾರದ ‘ಬೇಗ ಬೇಗ’ದಲ್ಲಿ ಎರಡು ಪಾತ್ರೆಯ ಹಾಲಿನ ಉಪಾಯವನ್ನು ವಿವರವಾಗಿ ಬರೆದರು. ಸಂಪಾದಕರಿಗೆ ಅದರಲ್ಲಿ ‘ಬೇಗ’ ಎಲ್ಲೂ ಕಾಣಲಿಲ್ಲ. ಅರ್ಧ ಕತ್ತರಿಸಿ ‘ಹಾಲಿನಿಂದ ಕಂಪ್ಯೂಟರಿಗೆ ಹೊಸ ಚೈತನ್ಯ’ ಎಂಬ ತಲೆಬರಹ ಕೊಟ್ಟು ಅಚ್ಚು ಹಾಕಿದರು. ಊರಿನ ಕೆಲವು ಶ್ರದ್ಧಾವಂತರು ಪೆಟ್ಟಿಗೆ ಬಿಚ್ಚಿ ಹಾಲು ಹೊಯ್ದರು. ಪರದೆ ಮಿಣುಕಿದ ಕೂಡಲೇ ಹೊರಗೆ ಓಡಿಬಂದ ಅವರೆಲ್ಲ, ಮನೆಗಳು ನಿಂತೇಹೋಗಿ, ಈಗಲೂ ಬೀದಿಯಲ್ಲೇ ಇದ್ದಾರೆ. ಇವರು ಅಂಕಣ ನಿಲ್ಲಿಸಿದರು. ಸಂಘ ಬೇರೆಯವರನ್ನು ಹುಡುಕಿಕೊಂಡಿತು.

ಆ ಮೀನು ಇನ್ನೂ ಇದೆ. ದಡ ಮುಟ್ಟುತ್ತದೆ, ತಿರುಗುತ್ತದೆ, ಮತ್ತೆ ಹೊರಡುತ್ತದೆ. ಅದಿರುವಷ್ಟು ದಿನವೂ ನಮ್ಮ ಮನೆ ಬೀದಿಗಿಂತ ಅದರಷ್ಟು ಹಿಂದೆ. ಹಾಲು ಉಕ್ಕುವುದು ಚೂರು ತಡ, ಕರೆದರೆ ಓಗೊಡುವುದು ಚೂರು ತಡ. ಬಂದ ನೆಂಟರು ಅದನ್ನು ಗಮನಿಸಿ, “ಏನ್ರೀ, ಸ್ಪೀಡಿಗೆ ಹೆಸರಾದ ಮನೆ, ಆ ಮೀನೊಂದನ್ನ ತೆಗೆದ್ರೆ ಸರಿಹೋಗುತ್ತಲ್ಲ” ಎಂದು ಇವರಿಗೇ ಸಲಹೆ ಕೊಡುತ್ತಾರೆ. ಇವರು ಖಾಲಿ ಮಂಚದ ಅಂಚಿನಲ್ಲಿ ಕೂತು ಪರದೆ ನೋಡುತ್ತಾ, ಚೂರು ತಡವಾಗಿ, “ಇರ್ಲಿ ಬಿಡಿ, ಅದು ನಮ್ಮಮ್ಮನದು” ಅನ್ನುತ್ತಾರೆ.